ಮಾವಿನ ಪೆಟ್ಟಿಗೆ ಮಾರಲು ಗೂಗಲ್ಲೋ, ಇನ್‌ಸ್ಟಾಗ್ರಾಮೋ?

ಶ್ರೀನಿವಾಸಪುರದ ಮಾವನ್ನು ಪೆಟ್ಟಿಗೆಗೆ ತುಂಬಿ ಬೆಂಗಳೂರಿನ ಮನೆಗಳಿಗೆ ಕಳುಹಿಸುವವರಿಗೆ ಸುಗ್ಗಿ ಎಂದರೆ ಕೆಲವೇ ವಾರ. ಗೂಗಲ್ ಹುಡುಕಾಟದ ಜಾಹೀರಾತು ಕೊಳ್ಳಲು ಹೊರಟವರನ್ನೇ ಹಿಡಿಯುತ್ತದೆ. ‘ಬಾದಾಮಿ ಮಾವು ಹೋಂ ಡೆಲಿವರಿ’ ಎಂದು ಹುಡುಕಿದವರು ಆಗಲೇ ಅರ್ಧ ಗಿರಾಕಿ. ದಿನಕ್ಕೆ 300 ರೂಪಾಯಿ ಎಂದು ನಮೂದಿಸಿದರೂ ಒಂದೊಂದು ದಿನ 600ರವರೆಗೆ ಖರ್ಚಾಗಬಹುದು, ಗಾಬರಿ ಬೇಡ; ತಿಂಗಳಿಗೆ ಆ 300ರ 30.4 ಪಟ್ಟು ದಾಟುವುದಿಲ್ಲ. ‘ಮಾವಿನ ಸಸಿ’, ‘ಉಪ್ಪಿನಕಾಯಿ’ ಪದಗಳಿರುವ ಹುಡುಕಾಟಗಳನ್ನು ಮೊದಲೇ ಹೊರಗಿಡಿ. ಸಸಿ ಹುಡುಕುವವರು ಜಾಹೀರಾತು ಒತ್ತಿದರೂ ಖರ್ಚಾಗುವುದು ನಿಮ್ಮ ದುಡ್ಡೇ.

ಇನ್‌ಸ್ಟಾಗ್ರಾಮ್ ಆಸೆ ಹುಟ್ಟಿಸುತ್ತದೆ: ಹುಲ್ಲು ಸರಿಸಿ ಹಣ್ಣು ತೋರಿಸುವ ಚಿಕ್ಕ ವಿಡಿಯೊ ಸಾಕು. ಒಟ್ಟು ಮೊತ್ತ, ಕೊನೆಯ ದಿನ ಎರಡನ್ನೂ ನಿಗದಿಪಡಿಸಬಹುದು. ಗೂಗಲ್, ಇನ್‌ಸ್ಟಾಗ್ರಾಮ್ ಎರಡರ ಖರ್ಚಿಗೂ ಶೇ 18 ಜಿಎಸ್‌ಟಿ ಸೇರಿಸಿಕೊಳ್ಳಿ. ಕೈಯಲ್ಲಿ ಐದೇ ಸಾವಿರವಿದ್ದರೆ ನಾನಂತೂ ಗೂಗಲ್ಲಿಗೇ ಹಾಕುತ್ತೇನೆ.