ಮಗ ಹೇಗೆ ಕಲಿಯುತ್ತಾನೆ ಅಂತ ತೋರಿಸಿಕೊಟ್ಟ ಮಡಿಕೇರಿಯ ಅಸೆಸ್‌ಮೆಂಟ್

ಓದಿನಲ್ಲಿ ಹಿಂದೆ ಬಿದ್ದಿರುವ ಮಗು ಮನೆಯಲ್ಲಿದ್ದರೆ, ಇನ್ನೊಂದು ಟ್ಯೂಷನ್‌ಗೆ ಸೇರಿಸುವ ಮೊದಲು ಕಲಿಕೆಯ ಅಸೆಸ್‌ಮೆಂಟ್, ಅಂದರೆ ಮಗು ಹೇಗೆ ಕಲಿಯುತ್ತದೆ, ಎಲ್ಲಿ ಎಡವುತ್ತದೆ ಅಂತ ನೋಡುವ ಪರೀಕ್ಷೆ ಮಾಡಿಸಿ. ನಾವು ಮಡಿಕೇರಿಯ ಒಂದು ಸಣ್ಣ ಸೆಂಟರ್‌ನಲ್ಲಿ ಮೂರನೇ ಕ್ಲಾಸಿನ ಮಗನಿಗೆ ಮಾಡಿಸಿದೆವು. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಮೇಡಂ ಕೇಳಿದ ಮೊದಲ ಪ್ರಶ್ನೆ. ಮನೆಯಲ್ಲಿ ಯಾವ ಭಾಷೆ ಅಂತ. ನಮ್ಮ ಕೊಡಗಿನಲ್ಲಿ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಮನೆಯಲ್ಲಿ ಕೊಡವ ತಕ್ಕ್, ತೋಟದ ಕೆಲಸಗಾರರ ಲೈನ್ ಮನೆ ಮಕ್ಕಳ ಜೊತೆ ಆಡುವಾಗ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಹೀಗಿರುವಾಗ ಬರೀ ಇಂಗ್ಲಿಷ್ ಓದಿಸಿ ನೋಡಿದರೆ ಮಗುವಿಗೆ ಭಾಷೆಯ ರೂಢಿ ಇಲ್ಲವೋ, ಓದುವುದೇ ಕಷ್ಟವೋ ಅಂತ ಹೇಗೆ ಗೊತ್ತಾಗಬೇಕು? ಅವರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಓದಿಸಿದರು. ಕಣ್ಣು, ಕಿವಿ ತೋರಿಸಿದ್ದೀರಾ ಅಂತಲೂ ಮೊದಲೇ ಕೇಳಿದರು.

ಆಮೇಲೆ ಆಟದ ಹಾಗೇ ನಡೆಯಿತು. ‘ಬಾಗಿಲು’ ಪದದಿಂದ ‘ಬಾ’ ತೆಗೆದರೆ ಏನು ಉಳಿಯುತ್ತದೆ, 4-7-2 ಅಂದರೆ ತಿರುಗಿಸಿ ಹೇಳು, ಈ ಚಿತ್ರಗಳ ಹೆಸರು ಬೇಗ ಬೇಗ ಹೇಳು. ಒಂದು ಕತೆಯನ್ನು ಅವರೇ ಓದಿ ಪ್ರಶ್ನೆ ಕೇಳಿದರು, ಇನ್ನೊಂದನ್ನು ಅವನಿಂದಲೇ ಓದಿಸಿ ಕೇಳಿದರು. ಕೇಳಿಸಿಕೊಂಡ ಕತೆಗೆ ಉತ್ತರ ಪಟಪಟ ಬಂತು. ತಾನೇ ಓದಿದ್ದರಲ್ಲಿ ಒತ್ತಕ್ಷರ ಕೂಡಿಸುವುದಕ್ಕೇ ಅವನ ಶಕ್ತಿಯೆಲ್ಲ ಹೋಗಿ, ಸಾಲು ಮುಗಿಯುವಷ್ಟರಲ್ಲಿ ಅರ್ಥ ಕೈತಪ್ಪುತ್ತಿತ್ತು. ಶಾಲೆಯಲ್ಲಿ ಇವನನ್ನು ಸೋಮಾರಿ ಅಂದಿದ್ದರು! ಅವನು ಬೇರೆ ಮಕ್ಕಳಿಗಿಂತ ಜಾಸ್ತಿ ದುಡಿಯುತ್ತಿದ್ದ, ಪಾಪ.

ರಿಪೋರ್ಟಿನಲ್ಲಿ ಬರೀ ಅಂಕಿಗಳಿಲ್ಲ. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಗಣಿತದ ಲೆಕ್ಕವನ್ನು ಓದಿ ಹೇಳಿ, ಒತ್ತಕ್ಷರವನ್ನು ಬಾಯಲ್ಲಿ ಹೇಳುತ್ತಾ ಬೆರಳಲ್ಲಿ ಬರೆಸಿ ಅಂತ ಮನೆಗೂ ಟೀಚರಿಗೂ ಬೇರೆ ಬೇರೆ ಬರೆದಿದ್ದಾರೆ. ಆದರೆ ಪೂರ್ತಿ ಇಂಗ್ಲಿಷಿನಲ್ಲಿದೆ. ಅವನಿಗೆ ದಿನಾ ಪಾಠ ಹೇಳಿಕೊಡುವ ಅಜ್ಜಿ ಅದನ್ನು ಹೇಗೆ ಓದಬೇಕು? ಕನ್ನಡದಲ್ಲೂ ಕೊಡಲೇಬೇಕು. ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ತೊಡಕು, ಇದೆಯೇ ಅಂತ ನೋಡುವ ಡಾಲಿ ಅನ್ನುವ ಪರೀಕ್ಷೆಯೇ ಕನ್ನಡದಲ್ಲಿ ಬಂದಿರುವಾಗ ರಿಪೋರ್ಟ್ ಬರೆಯುವುದು ಕಷ್ಟವೇನಲ್ಲ.

ಇನ್ನೊಂದು ಮಾತು. ಈ ರಿಪೋರ್ಟ್ ಸರ್ಟಿಫಿಕೇಟ್ ಅಲ್ಲ, ಅದನ್ನು ಮೇಡಂ ತಾವಾಗಿಯೇ ಹೇಳಿದರು. ಕಲಿಕೆಯ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ರಿಯಾಯಿತಿ ಬೇಕಾದರೆ ಸರ್ಕಾರ ಗೊತ್ತು ಮಾಡಿದ ವೈದ್ಯರ ಸರ್ಟಿಫಿಕೇಟ್ ಬೇರೆಯೇ ಮಾಡಿಸಬೇಕು.

ಗೋಣಿಕೊಪ್ಪ, ವಿರಾಜಪೇಟೆ ಕಡೆಯಿಂದ ಬರುವವರು ಸ್ವಲ್ಪ ತಡವಾದ ಸಮಯ ಕೇಳಿ ತಗೊಳ್ಳಿ. ತಿರುವುಗಳಲ್ಲಿ ತಲೆ ಸುತ್ತಿದ ಮಗುವನ್ನು ಹೋದ ತಕ್ಷಣ ಕೂರಿಸಬೇಡಿ. ಹಳೆಯ ನೋಟ್‌ಬುಕ್ ಜೊತೆಗಿರಲಿ, ಮಗು ಎಲ್ಲೆಲ್ಲಿ ಅಳಿಸಿ ಬರೆದಿದೆ ಅಂತ ಅವರು ಪುಟ ಪುಟವೂ ನೋಡುತ್ತಾರೆ.