ಎಲೆಕ್ಟ್ರಿಕ್ ಸ್ಕೂಟರ್: ರಾಯಚೂರಿನ ಮೂರು ಬೇಸಿಗೆ ಕಂಡ ಮೇಲೆ

ಪೂರ್ತಿ ಓದಲು ಪುರಸೊತ್ತಿಲ್ಲದವರಿಗಾಗಿ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ದಿನವೂ ಪೆಟ್ರೋಲ್ ಸ್ಕೂಟರ್ ಓಡಿಸುವವರು ಎಲೆಕ್ಟ್ರಿಕ್‌ಗೆ ಬದಲಾದರೆ ಜೇಬಿಗೆ ಬಹಳ ಒಳ್ಳೆಯದು, ಗಾಳಿಗೂ ತಕ್ಕಮಟ್ಟಿಗೆ ಒಳ್ಳೆಯದು. ಬಸ್ಸಿನಲ್ಲಿ ಓಡಾಡುತ್ತಿದ್ದವರು ಬಸ್ಸು ಬಿಟ್ಟು ಇದನ್ನು ಕೊಂಡರೆ, ಅನುಕೂಲಕ್ಕೆ ಕೊಂಡೆ ಎನ್ನಲಿ. ಪರಿಸರದ ಹೆಸರು ಎತ್ತುವುದು ಬೇಡ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇಲ್ಲಿರುವ ಬಹುಪಾಲು ಮಾತು ಈ ದರ್ಜೆಯ ಎಲ್ಲ ಗಾಡಿಗಳಿಗೂ ಹೊಂದುತ್ತದೆ.

ನನ್ನದು ಮೂರು ಯೂನಿಟ್ ಹಿಡಿಯುವ ಬ್ಯಾಟರಿಯ ಗಾಡಿ. ಮನೆ ರಾಯಚೂರು ನಗರದಲ್ಲಿ, ನಾನು ಪಾಠ ಮಾಡುವ ಶಾಲೆ ದೇವಸೂಗೂರಿನ ಕಡೆ. ಯರಮರಸ್, ಚಿಕ್ಕಸುಗೂರು ದಾಟಿ ಶಕ್ತಿನಗರದತ್ತ ಹೋಗುವ ಹೈದರಾಬಾದ್ ರಸ್ತೆ. ಹೋಗಿಬರುವುದು ಸುಮಾರು 40 ಕಿ.ಮೀ. ಕೊಂಡಾಗ ಒಂದು ಚಾರ್ಜಿಗೆ ಎಂಬತ್ತೈದು ಕಿ.ಮೀ. ಓಡುತ್ತಿತ್ತು, ಈಗ ಎಪ್ಪತ್ತೈದರ ಆಸುಪಾಸು. ಜಾಹೀರಾತಿನಲ್ಲಿ ನೂರಕ್ಕೂ ಮೇಲೆ ಬರೆದಿರುತ್ತಾರೆ. ಅದು ಒಬ್ಬ ತೆಳ್ಳಗಿನ ಮನುಷ್ಯ ಎದುರುಗಾಳಿಯಿಲ್ಲದೆ ನಿಧಾನವಾಗಿ ಓಡಿಸಿದರೆ ಸಿಗುವ ಸಂಖ್ಯೆ. ಹಿಂಬದಿಯಲ್ಲಿ ಸಿಮೆಂಟ್ ಲಾರಿ ಹಾರ್ನ್ ಹೊಡೆಯುತ್ತಿರುವಾಗ ಯಾರೂ ಹಾಗೆ ಓಡಿಸುವುದಿಲ್ಲ.

ಖರ್ಚಿನ ಮಾತು ಚಿಕ್ಕದು. ನಲವತ್ತು ಕಿ.ಮೀ.ಗೆ, ಚಾರ್ಜರ್‌ನಲ್ಲಿ ಬಿಸಿಯಾಗಿ ಹೋಗುವುದನ್ನೂ ಸೇರಿಸಿ, 1.4 ಯೂನಿಟ್ ಬೇಕು. ಯೂನಿಟ್‌ಗೆ ಸುಮಾರು ಆರು ರೂಪಾಯಿಯಂತೆ ಎಂಟು-ಒಂಬತ್ತು ರೂಪಾಯಿ. ಲೀಟರ್‌ಗೆ 45 ಕಿ.ಮೀ. ಕೊಡುತ್ತಿದ್ದ ನನ್ನ ಹಳೆಯ ಸ್ಕೂಟರ್‌ಗೆ ಇಷ್ಟೇ ದೂರಕ್ಕೆ ತೊಂಬತ್ತು ರೂಪಾಯಿ ಬೇಕಾಗುತ್ತಿತ್ತು. ಒಂದು ಮಾತು ಗಮನದಲ್ಲಿರಲಿ: ಗೃಹಜ್ಯೋತಿ ಇದೆ, ಸ್ಕೂಟರ್ ಪುಕ್ಕಟೆ ಓಡುತ್ತದೆ ಎಂದುಕೊಂಡು ಕೊಳ್ಳಬೇಡಿ. ಉಚಿತ ವಿದ್ಯುತ್ತಿನ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ. ನಿಮ್ಮ ಮನೆಯ ಹಳೆಯ ಸರಾಸರಿ ಬಳಕೆ ಮತ್ತು ಅದರ ಮೇಲೆ ಸಾಮಾನ್ಯವಾಗಿ ಶೇ 10, ಅಷ್ಟೇ ನಿಮ್ಮ ಪಾಲು. ಸ್ಕೂಟರ್ ತಿಂಗಳಿಗೆ ಮೂವತ್ತೈದು ಯೂನಿಟ್ ಕುಡಿದರೆ ಆ ಪಾಲು ದಾಟುತ್ತದೆ, ದಾಟಿದ್ದಕ್ಕೆ ಜೆಸ್ಕಾಂ ಬಿಲ್ ಬರುತ್ತದೆ. ಸರಾಸರಿ ಮೊದಲೇ ಇನ್ನೂರರ ಅಂಚಿನಲ್ಲಿರುವ ಮನೆಯಾದರೆ ಇನ್ನೂ ಎಚ್ಚರ ಬೇಕು. ಇನ್ನೂರು ದಾಟಿದ ತಿಂಗಳು ಇಡೀ ಬಿಲ್ ನಿಮ್ಮ ತಲೆಯ ಮೇಲೆ.

ಹಳೆಯ ಮನೆಯಲ್ಲಿರುವವರು ಗಾಡಿ ಬುಕ್ ಮಾಡುವ ಮುನ್ನ ಅರ್ಥಿಂಗ್ ನೋಡಿಸಿ. ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಮೂರನೆಯ ಪಿನ್ ಬರೀ ಅಲಂಕಾರಕ್ಕೆ ಇದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಇದ್ದಿಲು, ಉಪ್ಪು ಹಾಕಿ ಹೊಸ ಗುಂಡಿ ತೋಡಿಸಿದ ಮೇಲೆಯೇ ನನ್ನದು ಚಾರ್ಜ್ ಆಗತೊಡಗಿದ್ದು.

ಇನ್ನು ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 42-43 ಡಿಗ್ರಿ ಸುದ್ದಿಯೇ ಅಲ್ಲ. ಲಿಥಿಯಂ ಬ್ಯಾಟರಿಯ ಆಯುಷ್ಯವನ್ನು ಸೆಕೆ ತಿನ್ನುತ್ತದೆ, ಪೂರ್ತಿ ತುಂಬಿಸಿಟ್ಟು ಸೆಕೆಯಲ್ಲಿ ನಿಲ್ಲಿಸಿದರೆ ಇನ್ನೂ ಬೇಗ ತಿನ್ನುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಹೊರಟರೆ ಪರದೆಯ ಮೇಲೆ ಉಷ್ಣತೆಯ ಎಚ್ಚರಿಕೆ ಬಂದು ವೇಗ ತಾನಾಗಿ ತಗ್ಗಿದ್ದುಂಟು. ನಾನು ರೂಢಿಸಿಕೊಂಡ ಕ್ರಮ ಹೀಗಿದೆ: ಶಾಲೆಯಲ್ಲಿ ಬೇವಿನ ಮರದ ಕೆಳಗೇ ನಿಲ್ಲಿಸುವುದು, ಮನೆಗೆ ಬಂದ ತಕ್ಷಣ ಚಾರ್ಜಿಗೆ ಹಾಕದೆ ರಾತ್ರಿ ಊಟವಾದ ಮೇಲೆ ಹಾಕುವುದು, ಬೇಸಿಗೆಯಲ್ಲಿ ಎಂಬತ್ತೈದು ಪ್ರತಿಶತಕ್ಕೇ ತೆಗೆದುಬಿಡುವುದು.

ಸರ್ವಿಸ್ ವಿಷಯ ಬರೆಯಹೊರಟರೆ ರಕ್ತದೊತ್ತಡ ಏರುತ್ತದೆ. ಎಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ನಿಜ. ಆದರೆ ಡಿಸ್‌ಪ್ಲೇ ಕೆಟ್ಟಾಗ ಊರಿನ ಯಾವ ಮೆಕ್ಯಾನಿಕ್‌ನೂ ಮುಟ್ಟಲಿಲ್ಲ. ಬಿಡಿಭಾಗ ಬೆಂಗಳೂರಿನಿಂದ ಬರಬೇಕು ಎಂದರು. ಬರುವಷ್ಟರಲ್ಲಿ ಮೂರು ವಾರ ಕಳೆದವು. ಗಾಡಿ ಭಾರ, ಎಳೆತ ಜೋರು, ಹಾಗಾಗಿ ಹಿಂದಿನ ಟೈರ್ ನಾನು ಅಂದುಕೊಂಡದ್ದಕ್ಕಿಂತ ಬೇಗ ಸವೆಯಿತು. ಬ್ರೇಕ್ ಪ್ಯಾಡ್ ಮಾತ್ರ ಇನ್ನೂ ಮೊದಲಿನದೇ ಇದೆ.

ಇಷ್ಟು ಗಾಡಿಯ ಮಾತಾಯಿತು. ಬರೆಯಲು ಕೂರಿಸಿದ್ದು ಬೇರೆ ವಿಷಯ.

ನಮ್ಮ ಪಕ್ಕದ ಮನೆಯ ಅಣ್ಣ ಶಾಖೋತ್ಪನ್ನ ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ. ನಾನು ಗಾಡಿ ತಂದು ಪೂಜೆ ಮಾಡಿಸಿದ ಸಂಜೆಯೇ ವಗ್ಗರಣೆ-ಮಿರ್ಚಿ ಬಂಡಿಯ ಹತ್ತಿರ ಹಿಡಿದರು. “ಮಾಸ್ತರರೇ, ಇನ್ನು ಮೇಲೆ ನೀವು ಹೊಗೆ ಬಿಡುವುದಿಲ್ಲ. ನಿಮ್ಮ ಪರವಾಗಿ ನಾವು ಬಿಡುತ್ತೇವೆ!” ಸುತ್ತ ನಿಂತವರೆಲ್ಲ ನಕ್ಕರು. ಅಂದಿನಿಂದ ಇವತ್ತಿನ ತನಕ ನಮ್ಮಿಬ್ಬರ ವಾದ ಮುಗಿದಿಲ್ಲ.

ಅವರ ಮಾತಿನಲ್ಲಿ ತಿರುಳಿದೆ. ಶಕ್ತಿನಗರದ ಕೇಂದ್ರ 1985ರಿಂದ ಕಲ್ಲಿದ್ದಲು ಉರಿಸುತ್ತಿದೆ, ಇಂದು ಅದರ ಸಾಮರ್ಥ್ಯ 1,720 ಮೆಗಾವಾಟ್. ಯರಮರಸ್‌ನಲ್ಲಿ ಇನ್ನೊಂದು 1,600 ಮೆಗಾವಾಟ್. ನನ್ನ ದಾರಿ ಎರಡರ ಬಳಿಯೂ ಹಾಯ್ದುಹೋಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಅಂದರೆ ನನ್ನ ಒಂದು ದಿನದ ಓಡಾಟಕ್ಕೆ ಹತ್ತಿರ ಹತ್ತಿರ ಒಂದು ಕಿಲೋ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲು ಬೂದಿಯೇ ಇರುತ್ತದೆ. ದಾರಿಯಲ್ಲಿ ನನ್ನನ್ನು ಹಿಂದಿಕ್ಕುವ ಬೂದಿ ಟ್ಯಾಂಕರ್‌ನಲ್ಲಿ ಒಂದು ಬೊಗಸೆ ನನ್ನದೂ ಇರಬಹುದು! ತೀನ್ ಕಂದೀಲ್ ಬಳಿ ಟ್ರಾಫಿಕ್‌ನಲ್ಲಿ ನಿಂತಾಗ ನನ್ನ ಗಾಡಿ ಯಾರ ಮೂಗಿಗೂ ಹೊಗೆ ಬಿಡುವುದಿಲ್ಲ ಎಂದು ಬೀಗುವುದು ಸರಿ. ಆದರೆ ಪೇಟೆಯವನ ಹೊಗೆ ಹೊಳೆಯ ದಂಡೆಯ ಊರಿನವರ ಕಡೆ ಸರಿದಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಆದರೂ ಲೆಕ್ಕ ಹಾಕಿದರೆ ಅಣ್ಣನ ವಾದ ಅರ್ಧಕ್ಕೇ ನಿಲ್ಲುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ನನ್ನ ಹಳೆಯ ಸ್ಕೂಟರ್ ದಿನಕ್ಕೆ ಎರಡು ಕಿಲೋ ಬಿಡುತ್ತಿತ್ತು. ಹೊಸದಕ್ಕೆ ಬರೀ ಕಲ್ಲಿದ್ದಲಿನ ವಿದ್ಯುತ್ತನ್ನೇ ಉಣಿಸಿದರೂ, ಯೂನಿಟ್‌ಗೆ ಸುಮಾರು ಒಂದು ಕಿಲೋದಂತೆ, ಬರುವುದು ಒಂದು ಕಿಲೋ ನಾನೂರು ಗ್ರಾಂ. ವಾಸ್ತವದಲ್ಲಿ ಗ್ರಿಡ್‌ನಲ್ಲಿ, ಅಂದರೆ ವಿದ್ಯುತ್ ಜಾಲದಲ್ಲಿ, ಜಲ, ಗಾಳಿ, ಸೂರ್ಯ ಎಲ್ಲವೂ ಬೆರೆತಿರುತ್ತವೆ. ದೇಶದ ಸರಾಸರಿ ಯೂನಿಟ್‌ಗೆ 0.7 ಕೆ.ಜಿ.ಯ ಆಸುಪಾಸು, ಹಾಗಾಗಿ ನನ್ನ ದಿನದ ಪಾಲು ಒಂದು ಕಿಲೋ. “ಕರೆಂಟು ಶಕ್ತಿನಗರದಿಂದಲೇ ನೇರ ಬರುತ್ತದೆ” ಎಂದು ಅಣ್ಣ ಹಟ ಹಿಡಿದಾಗ ನಾನು ನೆನಪಿಸುವುದು ರಾಯಚೂರು-ಸೊಲ್ಲಾಪುರ ಲೈನನ್ನು. 2013ರ ಡಿಸೆಂಬರ್ 31ರಂದು ಆ 765 ಕೆ.ವಿ. ಲೈನ್ ಚಾಲೂ ಆದ ಮೇಲೆಯೇ ದಕ್ಷಿಣದ ಗ್ರಿಡ್ ಉಳಿದ ದೇಶದ ಗ್ರಿಡ್‌ನೊಂದಿಗೆ ಒಂದಾದದ್ದು. ನಮ್ಮೂರಿನ ತಂತಿಯಲ್ಲಿ ಕೊಪ್ಪಳದ ಗಾಳಿಯಂತ್ರವೂ ಉಂಟು, ಎಲ್ಲಿಯದೋ ಅಣೆಕಟ್ಟೂ ಉಂಟು.

ಅದಕ್ಕೆ ಅವರು ಕೊಟ್ಟ ಉತ್ತರ ಚುರುಕಾಗಿತ್ತು. “ಸೂರ್ಯ ಇರುವ ಹೊತ್ತಿಗೆ ನಿಮ್ಮ ಗಾಡಿ ಬೇವಿನ ಮರದ ಕೆಳಗೆ ನಿಂತಿರುತ್ತದೆ. ಚಾರ್ಜಿಗೆ ಹಾಕುವುದು ರಾತ್ರಿ. ರಾತ್ರಿ ಪಾಳಿಯಲ್ಲಿ ಬಾಯ್ಲರ್ ಮುಂದೆ ನಿಲ್ಲುವವನು ನಾನು.” ನಿಜವೇ. ಕರ್ನಾಟಕದಲ್ಲಿ ಸೌರವಿದ್ಯುತ್ ಹೇರಳವಾಗಿರುವುದು ಹಗಲಲ್ಲಿ. ಶಾಲೆಯಲ್ಲಿ ಹಗಲು ಚಾರ್ಜ್ ಮಾಡಲು ಪ್ಲಗ್ ಸಿಕ್ಕರೆ ನನ್ನ ಲೆಕ್ಕ ಇನ್ನೂ ಹಗುರವಾಗುತ್ತದೆ. ಆದರೆ ಸರ್ಕಾರಿ ಶಾಲೆಯ ಬಿಲ್‌ನಲ್ಲಿ ಮಾಸ್ತರನ ಸ್ಕೂಟರ್ ಓಡಿತು ಎಂಬ ಸುದ್ದಿ ಊರಲ್ಲಿ ಹಬ್ಬಲು ಎಷ್ಟು ಹೊತ್ತು ಬೇಕು? ಮನೆಯ ಮಾಳಿಗೆಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಫಲಕ ಹಾಕಿಸುವ ಯೋಚನೆ ಇದೆ. ಮೂರು ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಆಗಲೂ ಗಾಡಿ ಕುಡಿಯುವುದು ರಾತ್ರಿಯ ವಿದ್ಯುತ್ತನ್ನೇ, ಹಗಲಿನದನ್ನು ಗ್ರಿಡ್‌ಗೆ ಕೊಟ್ಟ ಸಮಾಧಾನ ಅಷ್ಟೇ.

ಬ್ಯಾಟರಿ ತಯಾರಿಸುವಾಗ ಆಗುವ ಮಾಲಿನ್ಯವನ್ನು ಮರೆಯುವಂತಿಲ್ಲ. ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 60ರಿಂದ 100 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಿಡಿದರೆ ನನ್ನದು ಹುಟ್ಟುವಾಗಲೇ ಇನ್ನೂರು-ಮುನ್ನೂರು ಕಿಲೋ ಸಾಲ ಹೊತ್ತು ಬಂದಿದೆ. ಪೆಟ್ರೋಲ್ ಸ್ಕೂಟರ್‌ಗೆ ಹೋಲಿಸಿದರೆ ದಿನಕ್ಕೆ ಒಂದು ಕಿಲೋ ಉಳಿತಾಯ; ಶಾಲೆ ನಡೆಯುವ ದಿನಗಳನ್ನು ಎಣಿಸಿದರೆ ಒಂದೂವರೆ ವರ್ಷದೊಳಗೆ ಆ ಸಾಲ ತೀರುತ್ತದೆ. ನನ್ನದು ತೀರಿದೆ. (ನನ್ನ ಹಳೆಯ ಸ್ಕೂಟರ್ ಈಗ ಮಾನ್ವಿಯ ಕಡೆ ಯಾರದೋ ಕೈಯಲ್ಲಿ ಓಡುತ್ತಿದೆ. ಅದರ ಹೊಗೆ ಯಾರ ಖಾತೆಗೆ ಎಂದು ಅಣ್ಣ ಕೇಳಿದರು. ನಾನು ಇನ್ನೊಂದು ಮಿರ್ಚಿ ತೆಗೆದುಕೊಂಡೆ.)

ಆದರೆ ಅಣ್ಣ ನನ್ನನ್ನು ನಿಜವಾಗಿ ಸೋಲಿಸಿದ್ದು ಬಾಯ್ಲರ್‌ನಿಂದಲ್ಲ, ತಮ್ಮ ನೂರು ಸಿ.ಸಿ.ಯ ಹಳೆಯ ಬೈಕಿನಿಂದ. ಹಿಂದಿನ ಬೀದಿಯ ಸಹೋದ್ಯೋಗಿಯನ್ನು ಹಿಂದೆ ಕೂರಿಸಿಕೊಂಡು ಪಾಳಿಗೆ ಹೋಗುತ್ತಾರೆ. ಲೀಟರ್‌ಗೆ 60 ಕಿ.ಮೀ. ಸಿಗುತ್ತದೆ. ನಲವತ್ತು ಕಿ.ಮೀ.ಗೆ ಒಂದೂವರೆ ಕಿಲೋ ಚಿಲ್ಲರೆ, ಇಬ್ಬರಿಗೆ ಹಂಚಿದರೆ ತಲೆಗೆ ಮುಕ್ಕಾಲು ಕಿಲೋ. ಒಬ್ಬನೇ ಹೋಗುವ ನನ್ನ ಎಲೆಕ್ಟ್ರಿಕ್‌ಗಿಂತ ಕಡಿಮೆ! ಪೆಟ್ರೋಲನ್ನು ಬಾವಿಯಿಂದ ಬಂಕ್ ತನಕ ತರುವ ಖರ್ಚು ಸೇರಿಸಿದರೂ ಅವರು ನನಗಿಂತ ಹಿಂದೆ ಬೀಳುವುದಿಲ್ಲ. ಯಾವ ಇಂಧನ ಎಂದು ನಾವು ಕಚ್ಚಾಡುತ್ತಿರುವಾಗ, ಗಾಡಿಯ ಮೇಲೆ ಎಷ್ಟು ಜನ ಎಂಬ ಪ್ರಶ್ನೆ ಹಿಂದಿನ ಸೀಟಿನಲ್ಲಿ ಕೂತೇ ಇತ್ತು. ಇದೇ ರಸ್ತೆಯಲ್ಲಿ ಒಬ್ಬೊಬ್ಬರೇ ಕಾರಿನಲ್ಲಿ ಹೋಗುವವರದು ದಿನಕ್ಕೆ ಆರು ಕಿಲೋ. ಅವರ ಗಾಜಿಗೆ ಅಂಟಿಸಿದ ‘ಹಸಿರೇ ಉಸಿರು’ ಸ್ಟಿಕ್ಕರ್ ಹಿಂದೆ ನಿಂತು ಸಿಗ್ನಲ್ ಕಾಯುವುದು ನನ್ನ ದಿನನಿತ್ಯದ ಮನರಂಜನೆ.

ಬಸ್ಸಿನ ಲೆಕ್ಕ ಇನ್ನೂ ಸ್ಪಷ್ಟ. ಲೀಟರ್ ಡೀಸೆಲ್‌ಗೆ ಐದು ಕಿ.ಮೀ., ಒಳಗೆ ನಲವತ್ತು ಜನ ಎಂದುಕೊಂಡರೆ ಹೋಗಿಬರಲು ತಲೆಗೆ ಅರ್ಧ ಕಿಲೋ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಬಸ್ಸುಗಳಲ್ಲಿ ನಲವತ್ತು ಎಂಬುದು ತೀರಾ ವಿನಯದ ಸಂಖ್ಯೆ. ಅಲ್ಲದೆ ನಾನು ಹತ್ತಲಿ ಬಿಡಲಿ, ಬಸ್ಸು ಓಡಿಯೇ ಓಡುತ್ತದೆ. ನನ್ನೊಬ್ಬನ ಭಾರಕ್ಕೆ ಹೆಚ್ಚುವರಿಯಾಗಿ ಉರಿಯುವ ಡೀಸೆಲ್ ಲೆಕ್ಕಕ್ಕೆ ಸಿಗದಷ್ಟು.

ಹಾಗಿದ್ದರೆ ನಾನೇಕೆ ಬಸ್ಸು ಹತ್ತುವುದಿಲ್ಲ? ನನ್ನ ಓಣಿಯಿಂದ ನಿಲ್ದಾಣ, ಇಳಿದಲ್ಲಿಂದ ಶಾಲೆ, ಎರಡೂ ಕಡೆ ಆಟೋ ಹಿಡಿಯಬೇಕು, ಬೆಳಗಿನ ಪ್ರಾರ್ಥನೆ ತಪ್ಪುತ್ತದೆ. ನಮ್ಮ ಶಾಲೆಯ ಹೊಸ ಶಿಕ್ಷಕಿಯೊಬ್ಬರು ಉಚಿತ ಬಸ್ಸು ಬಿಟ್ಟು ನನ್ನಂಥದೇ ಸ್ಕೂಟರ್ ಕೊಂಡರು. ಅವರ ಪಾಲಿನ ಹೊಗೆ ಅರ್ಧ ಕಿಲೋದಿಂದ ಒಂದಕ್ಕೆ ಏರಿತು, ಬ್ಯಾಟರಿಯ ಸಾಲ ಬೇರೆ, ಅದು ತೀರುವುದೇ ಇಲ್ಲ. ಆದರೆ ಬಾಗಿಲಲ್ಲಿ ಜೋತಾಡಿಕೊಂಡು ಬಂದು, ಸಂಜೆ ಕತ್ತಲಾಗುವ ತನಕ ರಸ್ತೆ ಬದಿಯಲ್ಲಿ ಕಾಯುತ್ತಿದ್ದವರಿಗೆ ಈ ಲೆಕ್ಕ ಹೇಳುವ ಮುಖ ನನಗಿಲ್ಲ. ಆ ಹೊತ್ತಿಗೆ ಇನ್ನೆರಡು ಬಸ್ಸು ಬಿಡುವವರಿಗೆ ಹೇಳಬೇಕಾದ ಲೆಕ್ಕ ಅದು.

ದೂರದ ಪಯಣಕ್ಕೆ ಈ ಸ್ಕೂಟರ್ ಆಗದು. ಸಿಂಧನೂರಿಗೆ ಹೋಗುವಾಗ ನಡುದಾರಿಯ ನೆಂಟರ ಮನೆಯಲ್ಲಿ ಚಾರ್ಜಿಗೆ ಹಾಕಿಕೊಂಡು ಕೂರುವುದು ಒಮ್ಮೆ ಚೆಂದ, ಎರಡನೆಯ ಸಲ ನೆಂಟರಿಗೂ ಬೇಸರ. ಬೆಂಗಳೂರಿಗೆ ರೈಲು ಇದ್ದೇ ಇದೆ, ವಿದ್ಯುತ್ ಎಂಜಿನ್ನಿನದು.

ಈ ವರ್ಷ ನಾನು ಮಾಡಿಕೊಂಡ ಬದಲಾವಣೆ ಒಂದೇ: ಯರಮರಸ್ ಕ್ರಾಸ್‌ನಲ್ಲಿ ನಮ್ಮ ಗಣಿತದ ಮಾಸ್ತರರನ್ನು ಹತ್ತಿಸಿಕೊಳ್ಳುತ್ತೇನೆ. ಅವರು ಮೊದಲು ಪೆಟ್ರೋಲ್ ಬೈಕಿನಲ್ಲಿ ಒಬ್ಬರೇ ಬರುತ್ತಿದ್ದರು. ಕೊಳ್ಳುವವರ ಗಮನಕ್ಕೆ: ಇಬ್ಬರು ಕೂತರೆ ಒಂದು ಚಾರ್ಜಿನಲ್ಲಿ ಏಳೆಂಟು ಕಿ.ಮೀ. ಕಡಿಮೆ ಓಡುತ್ತದೆ, ಹಿಂದಿನ ಶಾಕ್ ಅಬ್ಸಾರ್ಬರ್ ಗಟ್ಟಿ, ಚಿಕ್ಕಸುಗೂರಿನ ಹಂಪ್‌ಗಳಲ್ಲಿ ಗಾಡಿಯ ಹೊಟ್ಟೆ ತಾಗುತ್ತದೆ. ಹಿಂದಿನ ಸೀಟು ಚಿಕ್ಕದಾಯಿತು ಎಂಬುದು ಗಣಿತದ ಮಾಸ್ತರರ ಕಾಯಂ ದೂರು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಅವರು ಎರಡೂವರೆ ಎನ್ನುತ್ತಾರೆ.