ಇಮ್ರಾನ್ ಮತ್ತು ಅಕ್ರಮ್: ಸ್ಟ್ಯಾಟ್ಸ್‌ಗುರುವಿನ ತಕ್ಕಡಿಯಲ್ಲಿ ಇಬ್ಬರು ವೇಗಿಗಳು

ಪಾಕಿಸ್ತಾನದ ಇಬ್ಬರು ವೇಗಿಗಳಲ್ಲಿ ಇಮ್ರಾನ್ ಖಾನ್ ದೊಡ್ಡ ಬೌಲರೋ ವಾಸಿಂ ಅಕ್ರಮ್ ದೊಡ್ಡ ಬೌಲರೋ ಎಂಬ ಚರ್ಚೆಯಲ್ಲಿ ಉತ್ತರ ಬಹುಮಟ್ಟಿಗೆ ಹೇಳುವವರ ವಯಸ್ಸನ್ನು ಅವಲಂಬಿಸಿರುತ್ತದೆ. 1982-83ರ ಪಾಕಿಸ್ತಾನ ಪ್ರವಾಸದ ಸುದ್ದಿಯನ್ನು ದಿನವೂ ಆತಂಕದಿಂದ ಎದುರುನೋಡಿದವರು ಇಮ್ರಾನ್ ಎನ್ನುತ್ತಾರೆ, ಟಿ.ವಿ.ಯಲ್ಲಿ ಶಾರ್ಜಾ ಪಂದ್ಯಗಳನ್ನು ನೋಡುತ್ತ ಬೆಳೆದವರಿಗೆ ಅಕ್ರಮ್ ಬಿಟ್ಟು ಬೇರೆ ಹೆಸರೇ ತೋಚುವುದಿಲ್ಲ. ಈ ಚರ್ಚೆಯನ್ನು ನೆನಪಿನ ಆಸರೆಯಿಲ್ಲದೆ ಎಷ್ಟು ದೂರ ಒಯ್ಯಬಹುದು ಎಂದು ತಿಳಿಯುವ ಸಲುವಾಗಿ ನಾನು ಇಎಸ್‌ಪಿಎನ್ ಕ್ರಿಕ್‌ಇನ್ಫೊ ಜಾಲತಾಣದ ಸ್ಟ್ಯಾಟ್ಸ್‌ಗುರು ಎಂಬ ಅಂಕಿಅಂಶ ಸೇವೆಯನ್ನು ಮುಂದಿಟ್ಟುಕೊಂಡು ಕುಳಿತೆ. ಈ ವಿಮರ್ಶೆ ಆ ಸೇವೆಯನ್ನು ಕುರಿತದ್ದು. ಇಬ್ಬರು ಬೌಲರ್‌ಗಳು ಅದನ್ನು ಒರೆಗೆ ಹಚ್ಚುವ ಚಿನ್ನ.

ಬಳಸುವ ಕ್ರಮ ಸರಳವಾಗಿದೆ. ಆಟಗಾರನ ಹೆಸರನ್ನು ಆರಿಸಿ, ಎದುರಾಳಿ, ದೇಶ, ಅವಧಿ, ನಾಯಕತ್ವ ಇತ್ಯಾದಿ ಷರತ್ತುಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಕ್ಷಣದಲ್ಲಿ ಪಟ್ಟಿ ಸಿದ್ಧವಾಗುತ್ತದೆ. ಹಣ ಕೊಡಬೇಕಾಗಿಲ್ಲ.

ಮೊದಲು ಯಾವ ಷರತ್ತನ್ನೂ ಹಾಕದೆ ಕೇಳಿದೆ. ಇಮ್ರಾನ್ 88 ಟೆಸ್ಟ್‌ಗಳಲ್ಲಿ 22.81ರ ಸರಾಸರಿಯಲ್ಲಿ (ಒಂದು ವಿಕೆಟ್‌ಗೆ ಕೊಟ್ಟ ರನ್, ಕಡಿಮೆಯಾದಷ್ಟೂ ಒಳ್ಳೆಯದು) 362 ವಿಕೆಟ್ ಪಡೆದಿದ್ದಾರೆ, ಅಕ್ರಮ್ 104 ಟೆಸ್ಟ್‌ಗಳಲ್ಲಿ 23.62ರ ಸರಾಸರಿಯಲ್ಲಿ 414. ಒಂದು ವಿಕೆಟ್‌ಗೆ ಇಮ್ರಾನ್ 53.7 ಎಸೆತಗಳನ್ನು ವ್ಯಯಿಸಿದರೆ ಅಕ್ರಮ್ 54.6 ಎಸೆತಗಳನ್ನು ವ್ಯಯಿಸಿದ್ದಾರೆ. ಒಬ್ಬರು 1971ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಟೆಸ್ಟ್ ಜೀವನ ಆರಂಭಿಸಿದ ಬಲಗೈ ವೇಗಿ, ಇನ್ನೊಬ್ಬರು 1985ರಲ್ಲಿ ಆಕ್ಲೆಂಡ್‌ನಲ್ಲಿ ಆರಂಭಿಸಿದ ಎಡಗೈ ವೇಗಿ; ಕಾಲ ಬೇರೆ, ಶೈಲಿ ಬೇರೆ, ಆದರೆ ಅಂಕಿಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ. ಇಲ್ಲಿಗೇ ನಿಲ್ಲಿಸುವವರು ಇಬ್ಬರೂ ಸಮಾನರು ಎಂದು ಹೇಳಿ ಎದ್ದುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಅವಸರದ ತೀರ್ಪು, ಏಕೆಂದರೆ ಈ ಸೇವೆಯ ನಿಜವಾದ ಬೆಲೆ ತಿಳಿಯುವುದು ಎರಡನೆಯ ಪ್ರಶ್ನೆಯಿಂದಾಚೆಗೆ.

ನಾಯಕತ್ವದ ಷರತ್ತನ್ನು ಹಾಕಿ ನೋಡಿ. ತಂಡವನ್ನು ಮುನ್ನಡೆಸಿದ 48 ಟೆಸ್ಟ್‌ಗಳಲ್ಲಿ ಇಮ್ರಾನ್ 20.26ರ ಸರಾಸರಿಯಲ್ಲಿ 187 ವಿಕೆಟ್ ಪಡೆದಿದ್ದಾರೆ. ಹೊಣೆ ಹೆಚ್ಚಿದಂತೆ ಬೌಲಿಂಗ್ ಸೊರಗುವುದು ಸಾಮಾನ್ಯ. ಇಲ್ಲಿ ಅದು ಇನ್ನಷ್ಟು ಹರಿತವಾಗಿದೆ. ಇದೇ ಅವಧಿಯ ಪಂದ್ಯಗಳನ್ನು ಒಂದೊಂದಾಗಿ ಬಿಡಿಸಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. 1983-84ರಲ್ಲಿ ಆಸ್ಟ್ರೇಲಿಯಾದಲ್ಲಿ ಅವರು ಆಡಿದ ಎರಡು ಟೆಸ್ಟ್‌ಗಳಲ್ಲಿ ಬೌಲಿಂಗ್ ಸಾಲು ಖಾಲಿಯಾಗಿದೆ. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಬಿರುಕು ಬಿಟ್ಟಿದ್ದರಿಂದ ಅವರು ಬರಿಯ ಬ್ಯಾಟ್ಸ್‌ಮನ್ ಆಗಿ ಆಡಿದ ದಿನಗಳವು. ಬೌಲರ್ ಆಗಿ ಪ್ರಾಯದ ತುದಿಯಲ್ಲಿದ್ದಾಗಲೇ ಸುಮಾರು ಎರಡು ವರ್ಷ ಕೈಬಿಟ್ಟುಹೋದವು ಎಂಬುದನ್ನು ಈ ಖಾಲಿ ಸಾಲು ಯಾವ ವಿವರಣೆಯೂ ಇಲ್ಲದೆ ದಾಖಲಿಸಿದೆ. ನನಗೆ ಅದು 362 ಎಂಬ ಸಂಖ್ಯೆಗಿಂತ ಹೆಚ್ಚು ಹೇಳಿತು.

ಎದುರಾಳಿಯ ಷರತ್ತು ಭಾರತೀಯ ಓದುಗರಿಗೆ ಬಹಳ ಉಪಯುಕ್ತ. ಭಾರತದ ವಿರುದ್ಧ ಇಮ್ರಾನ್ 23 ಟೆಸ್ಟ್‌ಗಳಲ್ಲಿ 94 ವಿಕೆಟ್ ಪಡೆದಿದ್ದರೆ ಅಕ್ರಮ್ ಆಡಿದ್ದು ಕೇವಲ 12 ಟೆಸ್ಟ್, ಪಡೆದದ್ದು 45 ವಿಕೆಟ್. ಇದರ ಕಾರಣ ಬೌಲಿಂಗಿನಲ್ಲಿಲ್ಲ. 1989ರ ಕೊನೆಯಲ್ಲಿ ಮುಗಿದ ಸರಣಿಯ ನಂತರ 1999ರ ಜನವರಿಯವರೆಗೆ ಎರಡು ದೇಶಗಳ ನಡುವೆ ಒಂದೇ ಒಂದು ಟೆಸ್ಟ್ ನಡೆಯಲಿಲ್ಲ, ಮತ್ತು ಅಕ್ರಮ್ ಅವರ ಸುವರ್ಣ ಕಾಲ ಸರಿಯಾಗಿ ಅದೇ ಒಂಬತ್ತು ವರ್ಷಗಳಲ್ಲಿತ್ತು. ನಮ್ಮಲ್ಲಿ ಅವರನ್ನು ಏಕದಿನ ಕ್ರಿಕೆಟ್‌ನ ಬೌಲರ್ ಎಂದೇ ಎಣಿಸುವವರು ಇಷ್ಟೊಂದು ಮಂದಿ ಇರುವುದು ಏಕೆ ಎಂಬುದು ಇದರಿಂದ ತಿಳಿಯುತ್ತದೆ. ಏಕದಿನದಲ್ಲಿ ಹೋಲಿಕೆಗೆ ಅವಕಾಶವೂ ಇಲ್ಲ: ಇಮ್ರಾನ್ 175 ಪಂದ್ಯಗಳಲ್ಲಿ 182 ವಿಕೆಟ್, ಅಕ್ರಮ್ 356 ಪಂದ್ಯಗಳಲ್ಲಿ 502.

ಆದರೆ ಈ ಸೇವೆ ಒಂದು ಹಂತದಲ್ಲಿ ಮೌನವಾಗುತ್ತದೆ, ಮತ್ತು ನನ್ನ ಮುಖ್ಯ ತಕರಾರು ಅಲ್ಲಿದೆ. ಕರ್ನಾಟಕದ ಇಬ್ಬರು ಬ್ಯಾಟ್ಸ್‌ಮನ್‌ಗಳ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 1982ರ ಡಿಸೆಂಬರ್, ಕರಾಚಿ, ಎರಡನೆಯ ಇನಿಂಗ್ಸ್: ವಿಶ್ವನಾಥ್ ಬೌಲ್ಡ್ ಇಮ್ರಾನ್ 0. 1999ರ ಜನವರಿ, ಚೆನ್ನೈ, ಎರಡನೆಯ ಇನಿಂಗ್ಸ್: ದ್ರಾವಿಡ್ ಬೌಲ್ಡ್ ಅಕ್ರಮ್ 10. ಸ್ಟ್ಯಾಟ್ಸ್‌ಗುರುವಿನ ಲೆಕ್ಕದಲ್ಲಿ ಇವೆರಡೂ ಒಂದೇ ಬಗೆಯ ವಿಕೆಟ್, ಎರಡಕ್ಕೂ ಒಂದೇ ತೂಕ. ನಡೆದದ್ದೇ ಬೇರೆ. ಕರಾಚಿಯಲ್ಲಿ ಆಫ್ ಸ್ಟಂಪ್‌ನಿಂದ ಸಾಕಷ್ಟು ಹೊರಗೆ ಹೊರಟ ಚೆಂಡನ್ನು ವಿಶ್ವನಾಥ್ ಬ್ಯಾಟ್ ಎತ್ತಿ ಬಿಟ್ಟುಕೊಟ್ಟರು. ಚೆಂಡು ಕೊನೆಯ ಗಳಿಗೆಯಲ್ಲಿ ಒಳಕ್ಕೆ ನುಗ್ಗಿ ಸ್ಟಂಪ್‌ಗೆ ಬಡಿಯಿತು. ಚೆನ್ನೈಯಲ್ಲಿ ದ್ರಾವಿಡ್ ಕಾಲಿನ ಕಡೆ ಬರುವ ಚೆಂಡೆಂದು ಆಡಲು ಹೋದರು. ಅದು ನೆಲಕ್ಕೆ ತಾಗಿದ ಮೇಲೆ ಹೊರಕ್ಕೆ ತಿರುಗಿ, ಬ್ಯಾಟನ್ನು ದಾಟಿ, ಆಫ್ ಸ್ಟಂಪ್‌ನ ತಲೆಗೆ ತಾಗಿತು. ಒಬ್ಬರು ಬಿಟ್ಟು ಕೆಟ್ಟರು, ಇನ್ನೊಬ್ಬರು ಆಡಿ ಕೆಟ್ಟರು. ತಾಂತ್ರಿಕವಾಗಿ ಅಷ್ಟು ಶುದ್ಧವಾದ ಎರಡು ಬ್ಯಾಟ್‌ಗಳನ್ನು ಹೀಗೆ ವಂಚಿಸಿದ ಕೈಚಳಕದ ವ್ಯತ್ಯಾಸವೇ ನಾವು ಚರ್ಚಿಸುತ್ತಿರುವ ವಿಷಯ, ಮತ್ತು ಅದು ಆ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಕರಾಚಿಯ ಆ ಸಂಜೆಯ ಬಗ್ಗೆ ಇನ್ನೂ ಒಂದು ಮಾತು. ಒಂದು ವಿಕೆಟ್‌ಗೆ 102 ರನ್ ಇದ್ದ ಭಾರತ ಏಳು ವಿಕೆಟ್‌ಗೆ 114ಕ್ಕೆ ಕುಸಿಯಿತು. ಇಮ್ರಾನ್ ಆ ಇನಿಂಗ್ಸ್‌ನಲ್ಲಿ 60 ರನ್‌ಗೆ 8 ವಿಕೆಟ್ ಪಡೆದರು. ಆರು ಟೆಸ್ಟ್‌ಗಳ ಆ ಸರಣಿಯಲ್ಲಿ 13.95ರ ಸರಾಸರಿಯಲ್ಲಿ ಅವರು ಪಡೆದ 40 ವಿಕೆಟ್‌ಗಳು ವಿಶ್ವನಾಥ್ ಅವರ ಟೆಸ್ಟ್ ಜೀವನಕ್ಕೂ ತೆರೆ ಎಳೆದವು. ನಂತರ ಅವರು ಭಾರತದ ಪರ ಟೆಸ್ಟ್ ಆಡಲಿಲ್ಲ. ಭದ್ರಾವತಿಯ ಹುಡುಗನನ್ನು ಮನೆಯವನೆಂದು ತಿಳಿದಿದ್ದ ನಮ್ಮಂಥವರಿಗೆ ಇಂದಿಗೂ ಆ ಪುಟವನ್ನು ತೆರೆದು ನೋಡುವುದು ಸುಲಭವಲ್ಲ.

ರಿವರ್ಸ್ ಸ್ವಿಂಗ್ ಎಂಬ ಹಳೆಯ ಚೆಂಡಿನ ಈ ವಿದ್ಯೆ ಪಾಕಿಸ್ತಾನದ ಹಿರಿಯ ವೇಗಿ ಸರ್ಫ್ರಾಜ್ ನವಾಜ್ ಅವರಿಂದ ಇಮ್ರಾನ್‌ಗೆ, ಇಮ್ರಾನ್‌ರಿಂದ ಅಕ್ರಮ್ ಮತ್ತು ವಕಾರ್ ಯೂನಿಸ್‌ಗೆ ಇಳಿದು ಬಂದದ್ದು. ಒಂದು ಬದಿಯ ಹೊಳಪನ್ನು ಕಾಪಾಡಿ ಇನ್ನೊಂದು ಬದಿಯನ್ನು ಒಣಗಿಸಿ ಒರಟಾಗಲು ಬಿಟ್ಟರೆ, ವೇಗವಾಗಿ ಎಸೆದ ಹಳೆಯ ಚೆಂಡು ಹೊಳೆಯುವ ಬದಿಯತ್ತಲೇ ತಿರುಗುತ್ತದೆ. ಇಮ್ರಾನ್ ಅದನ್ನು ಮುಖ್ಯವಾಗಿ ಒಳಕ್ಕೆ ತರುವ ಆಯುಧವಾಗಿ ಬಳಸಿದರು. ಅಕ್ರಮ್ ಚಿಕ್ಕ ಓಟದಿಂದ, ಕೈಯ ಮಿಂಚಿನ ಬೀಸಿನಿಂದ, ಎರಡೂ ಕಡೆಗೆ ತಿರುಗಿಸಿದರು. 1992ರ ವಿಶ್ವಕಪ್ ಫೈನಲ್‌ನಲ್ಲಿ ಅಲನ್ ಲ್ಯಾಂಬ್ ಮತ್ತು ಕ್ರಿಸ್ ಲೂಯಿಸ್ ಅವರನ್ನು ಸತತ ಎರಡು ಎಸೆತಗಳಲ್ಲಿ ಬೌಲ್ಡ್ ಮಾಡಿದಾಗ ಒಂದು ಹೊರಕ್ಕೆ ಹೋಯಿತು, ಮುಂದಿನದು ಒಳಕ್ಕೆ ಬಂತು. ಆ ತಂಡದ ನಾಯಕ ಇಮ್ರಾನ್. ಗುರು ಕಲಿಸಿದ್ದನ್ನು ಶಿಷ್ಯ ಮೀರಿದ್ದು ಗುರುವಿನ ಕಣ್ಣೆದುರೇ ನಡೆಯಿತು.

ನನ್ನ ತೀರ್ಮಾನವನ್ನು ಮುಚ್ಚಿಡುವುದಿಲ್ಲ. ಐದು ಟೆಸ್ಟ್‌ಗಳ ಸರಣಿಯನ್ನು ಒಬ್ಬ ಬೌಲರ್‌ನಿಂದ ಗೆಲ್ಲಬೇಕಾದರೆ ನಾನು 1982ರ ಇಮ್ರಾನ್ ಅವರನ್ನೇ ಆರಿಸುತ್ತೇನೆ, ಮತ್ತು ಆ ಆಯ್ಕೆಗೆ ಬೇಕಾದ ಆಧಾರವನ್ನು ಸ್ಟ್ಯಾಟ್ಸ್‌ಗುರು ಧಾರಾಳವಾಗಿ ಕೊಡುತ್ತದೆ. ಚೆಂಡನ್ನು ಮಾತು ಕೇಳಿಸುವ ಕಲೆಯಲ್ಲಿ ಅಕ್ರಮ್ ಅವರಿಗಿಂತ ಮೇಲಿನವರನ್ನು ನಾನು ಕಂಡಿಲ್ಲ. ಇದಕ್ಕೆ ಆಧಾರ ಕೇಳಿದರೆ ಹಳೆಯ ದೃಶ್ಯಗಳನ್ನು ತೋರಿಸಬೇಕೇ ಹೊರತು ಪಟ್ಟಿಯನ್ನಲ್ಲ. ಹೀಗಾಗಿ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಹೊಸದಾಗಿ ಬಳಸುವವರು 1987ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಟೆಸ್ಟ್‌ನಿಂದ ಆರಂಭಿಸಲಿ. ಗವಾಸ್ಕರ್ 96 ರನ್ ಗಳಿಸಿದ, ಪಾಕಿಸ್ತಾನ 16 ರನ್‌ಗಳಿಂದ ಗೆದ್ದ ಆ ಪಂದ್ಯದಲ್ಲಿ ಇಬ್ಬರೂ ಆಡಿದ್ದರು. ಚೆಂಡು ಬುಗುರಿಯಂತೆ ತಿರುಗುತ್ತಿದ್ದ ಆ ಪಿಚ್‌ನಲ್ಲಿ ಇಕ್ಬಾಲ್ ಖಾಸಿಂ ಮತ್ತು ತೌಸೀಫ್ ಅಹ್ಮದ್ ತಲಾ ಒಂಬತ್ತು ವಿಕೆಟ್ ಪಡೆದರು. ಉಳಿದ ಎರಡು ಅಕ್ರಮ್ ಪಾಲಿಗೆ ಬಂದವು, ಇಮ್ರಾನ್ ಹೆಸರಿನ ಮುಂದೆ ಸೊನ್ನೆಯಿದೆ; ಆದರೆ ಸ್ಪಿನ್ನರ್‌ಗಳ ಕೈಗೆ ಚೆಂಡು ಕೊಟ್ಟು ಸರಣಿ ಗೆದ್ದ ನಾಯಕ ಅವರೇ.